ಮಿಡಿಗಾಲದ ಗುಳಿಗೆ

ಬೊಮ್ಮಿಯ ಉಪ್ಪಿನಕಾಯಿಗೆ ಅಂಕೋಲೆಯಲ್ಲಿ ಎಷ್ಟು ಹೆಸರಿತ್ತೋ ಅವಳ ಬಾಯಿಗೆ ಅವಳ ಊರು ಬೆಳಂಬಾರದಲ್ಲಿ ಅಷ್ಟೇ ಹೆಸರಿತ್ತು. ಎರಡೂ ಖಾರವೇ. ಉಪ್ಪಿನಕಾಯಿ ಬೇಡವಾದರೆ ಎಲೆಯ ತುದಿಗೆ ಸರಿಸಿಬಿಡಬಹುದು. ಬೊಮ್ಮಿಯ ಬಾಯಿಗೆ ಸಿಕ್ಕವರಿಗೆ ಆ ಅನುಕೂಲವಿರಲಿಲ್ಲ. ಹೆಚ್ಚಾಗಿ ಸಿಕ್ಕುತ್ತಿದ್ದವಳು ಅವಳ ಸೊಸೆ ನಾಗಶ್ರೀ.

ನಾಗಶ್ರೀ ಮಾಜಾಳಿಯವಳು. ಸಂದೀಪನನ್ನು ಮದುವೆಯಾಗಿ ಈ ಮನೆಗೆ ಬಂದು ಎರಡು ವರ್ಷವಾಗಿತ್ತು. ಸಂದೀಪ ಕಾರವಾರದಲ್ಲಿ ಒಬ್ಬ ಗುತ್ತಿಗೆದಾರನ ಜೀಪು ಓಡಿಸುತ್ತಿದ್ದ. ಬೆಳಗಿನ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಅವನ ಅಪ್ಪ ದೇವಾನಂದ ಕಚೇರಿಯೊಂದರಲ್ಲಿ ಜವಾನನಾಗಿದ್ದು ನಿವೃತ್ತನಾದವನು, ಈಗ ಜಗಲಿಯಲ್ಲಿ ಕೂತು ಪೇಪರು ಓದುತ್ತ ಚಾ ಕೇಳುವುದೇ ಅವನ ನೌಕರಿ. ಸಂದೀಪನ ತಂಗಿ ರಕ್ಷಿತಾ ಅಂಕೋಲೆಯ ಕಾಲೇಜಿಗೆ ಹೋಗುತ್ತಿದ್ದಳು. ಒಟ್ಟು ಐದು ಬಾಯಿ, ಅಡುಗೆಗೆ ಎರಡು ಕೈ. ಆ ಎರಡು ಕೈ ಯಾರವೆಂದು ಹೇಳಬೇಕಾಗಿಲ್ಲ.

ಮಾವಿನ ಮಿಡಿ ಬರುವ ಕಾಲಕ್ಕೆ ಆ ಕೈಗಳಿಗೆ ಇನ್ನಷ್ಟು ಕೆಲಸ. ಘಟ್ಟದ ಕಡೆಯಿಂದ ಮಿಡಿಯ ಚೀಲಗಳು ಬಂದಿಳಿಯುತ್ತಿದ್ದವು. ತೊಟ್ಟು ನೋಡಿ ಆರಿಸಬೇಕು, ಒಂದೊಂದನ್ನೂ ಒರೆಸಬೇಕು, ಉಪ್ಪಿಗೆ ಹಾಕಿ ದಿನಾ ಮಗುಚಬೇಕು. ಸುಕ್ಕುಗಟ್ಟಿದ ಮೇಲೆ ಸಾಸಿವೆ, ಮೆಣಸು ಅರೆದು ಬೆರೆಸಬೇಕು. ಅರ್ಧದಷ್ಟನ್ನು ಬೇಸಿಗೆಯಲ್ಲೇ ಬೆರೆಸಿ ಮಾರಿ, ಉಳಿದದ್ದನ್ನು ಉಪ್ಪುನೀರಿನಲ್ಲೇ ಇಟ್ಟು ಚೌತಿಯ ಹೊತ್ತಿಗೆ ಬೆರೆಸುವುದು ಬೊಮ್ಮಿಯ ಪದ್ಧತಿ. ಅಂಕೋಲೆ ಬಸ್‌ಸ್ಟ್ಯಾಂಡಿನ ಹತ್ತಿರ ಊಟದ ಹೊಟೆಲು ಇಟ್ಟಿದ್ದ ದತ್ತಾ ಭರಣಿಗಟ್ಟಲೆ ಒಯ್ಯುತ್ತಿದ್ದ.

ಇದಕ್ಕೊಂದು ಕಟ್ಟಳೆ. ಮುಟ್ಟಾಗಿ ಹೊರಗೆ ಕೂತವಳು ಭರಣಿ ಮುಟ್ಟಬಾರದು, ಆ ಕೋಣೆಯ ಹೊಸ್ತಿಲು ತುಳಿಯಬಾರದು, ಅವಳ ನೆರಳೂ ಬೀಳಬಾರದು. ಹಿಂದಿನ ವರ್ಷ ಚೀಲಗಳು ಬಂದಿಳಿದ ದಿನವೇ ನಾಗಶ್ರೀ ಹೊರಗಾದಳು. ಬೊಮ್ಮಿಗೆ ಒಬ್ಬಳಿಗೇ ಆಗದೆ ಮಿಡಿ ಚೀಲದಲ್ಲೇ ಬಾಡಿತು. ಸಾಲದ್ದಕ್ಕೆ ಒಂದು ಭರಣಿಗೆ ಬೂಷ್ಟು ಹಿಡಿಯಿತು.

"ನಿನ್ನ ನೆರ್ಳು ಬಿದ್ದದೆ," ಅಂದಳು ಬೊಮ್ಮಿ.

"ನಾ ಹಿತ್ತಲ ಚಾವಡಿಲಿ ಇದ್ದೆ ಅತ್ತೆ. ಈ ಬದಿಗೆ ಬಂದೇ ಇಲ್ಲ."

"ನೀ ಬರೂದು ಬ್ಯಾಡ. ಬಿಸ್ಲು ತಿರ್ಗದ್ರೆ ನೆರ್ಳು ತಾನೇ ಬತ್ತದೆ."

ಆ ಭರಣಿಯ ಮುಚ್ಚಳ ಸೀಳಿತ್ತು. ಮನೆಯವರೆಲ್ಲ ನೋಡಿದ್ದರು. ಹೇಳುವ ಧೈರ್ಯ ಯಾರಿಗೆ?

ಈ ವರ್ಷ ಬೊಮ್ಮಿ ಮೊದಲೇ ಸಿದ್ಧಳಾಗಿದ್ದಳು. ಯಾರದೋ ಮದುವೆಯ ಮನೆಯಲ್ಲಿ, ಮುಟ್ಟು ಮುಂದೆ ಹಾಕುವುದಕ್ಕೆ ಮೆಡಿಕಲ್ ಶಾಪಿನಲ್ಲಿ ಗುಳಿಗೆ ಸಿಗುತ್ತದೆಂದು ಕೇಳಿಕೊಂಡು ಬಂದಿದ್ದಳು. ಅಂಗಡಿಗೆ ಹೋಗಿ ವಿಚಾರಿಸಿದರೆ, ಅಷ್ಟು ಕಾಲಕ್ಕೆ ಕೊಳ್ಳುವುದೆಂದರೆ ಮಿಡಿಯಲ್ಲಿ ಬಂದದ್ದು ಗುಳಿಗೆಗೇ ಹೋಗುತ್ತಿತ್ತು. ಆಗ ಅವಳಿಗೆ ನೆನಪಾದದ್ದು ಊರಿಗೆ ಬರುವ ನರ್ಸಬಾಯಿ. ಮಕ್ಕಳು ಬೇಗ ಬೇಡವೆನ್ನುವವರಿಗೆ ಸರ್ಕಾರದ ಗುಳಿಗೆ ಪುಕ್ಕಟೆ.

"ಮೊದಲ ಮಗು ಮುಂದೂಡೋದಾ?" ಅಂತ, ದೇವಾನಂದ ಪೇಟೆಗೆ ಹೋದ ಹೊತ್ತಿನಲ್ಲಿ ಬಂದ ನರ್ಸಬಾಯಿ ಜಗಲಿಯಲ್ಲಿ ಕೂತು ಕೇಳಿದಳು.

"ಹೌದೌದು. ಹುಡ್ಗಿ ಇನ್ನೂ ಸಣ್ಣದು," ಅಂದಳು ಬೊಮ್ಮಿ.

ತನಗೆ ಮಗು ಸದ್ಯಕ್ಕೆ ಬೇಡವಂತೆ ಎಂಬುದು ಬಾಗಿಲ ಬಳಿ ನಿಂತಿದ್ದ ನಾಗಶ್ರೀಗೆ ಗೊತ್ತಾದದ್ದು ಹೀಗೆ.

ನರ್ಸಬಾಯಿ ನಾಗಶ್ರೀಯ ಬಿಪಿ ನೋಡಿ, ಗುಳಿಗೆಯ ಹಾಳೆ ತೆಗೆದು ತೋರಿಸಿದಳು. ಬಿಳಿಯವು ಮೂರು ಸಾಲು, ಕಂದು ಬಣ್ಣದವು ಒಂದು ಸಾಲು. ದಿನಕ್ಕೊಂದು. ಕಂದು ಬಣ್ಣದವು ಕಬ್ಬಿಣದ ಗುಳಿಗೆ, ಅವನ್ನು ನುಂಗುವ ವಾರ ಮುಟ್ಟು ಬರುತ್ತದೆ. ಆಮೇಲೆ ಕಂಡಕ್ಟರು ನಿಲ್ದಾಣದ ಹೆಸರು ಕೂಗುವ ಹಾಗೆ ಒಂದೇ ಉಸಿರಿಗೆ ಹೇಳಿದಳು: "ಮೊದಲೆರಡು ಮೂರು ತಿಂಗಳು ಹೊಟ್ಟೆ ತೊಳಸಬಹುದು, ತಲೆ ಭಾರ ಆಗಬಹುದು, ನಡುನಡುವೆ ಸ್ವಲ್ಪ ಕಲೆ ಕಾಣಬಹುದು. ಅದಕ್ಕೆಲ್ಲ ಹೆದರೋದು ಬೇಡ, ತಾನೇ ಹೋಗುತ್ತೆ. ಆದರೆ ಒಂದೇ ಕಾಲು ಊದಿ ನೋವು ಬಂದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ, ತಡೆಯಲಾರದ ತಲೆನೋವು ಬಂದು ಕಣ್ಣು ಮಂಜಾದರೆ, ಅದು ಬೇರೆ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಈ ಗುಳಿಗೆ ತಗೊಳ್ತಿದೀನಿ ಅಂತ ಡಾಕ್ಟರಿಗೆ ಮೊದಲು ಹೇಳಬೇಕು."

ಬೊಮ್ಮಿ ಮೊದಲರ್ಧ ಕೇಳಿದಳು. ಉಳಿದರ್ಧ ಹೇಳುವಾಗ ಅವಳ ಕಣ್ಣು ಕಂದು ಗುಳಿಗೆಯ ಮೇಲಿತ್ತು.

ನರ್ಸಬಾಯಿ ಗೇಟು ದಾಟುವುದೇ ತಡ, ಬೊಮ್ಮಿ ಕತ್ತರಿ ತಂದು, ಅವಳು ಕೊಟ್ಟುಹೋದ ಅಷ್ಟೂ ತಿಂಗಳ ಹಾಳೆಗಳ ಕಂದು ಸಾಲನ್ನು ಕತ್ತರಿಸಿ ತೆಗೆದಳು. ಬಿಳಿಯದನ್ನು ಸಾಸಿವೆ ಡಬ್ಬಿಯಲ್ಲಿಟ್ಟಳು. ಕಂದು ಗುಳಿಗೆಗಳನ್ನು ಅಂಗಳದ ಮಲ್ಲಿಗೆಯ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದಳು. ಕಬ್ಬಿಣ ಗಿಡಕ್ಕೂ ಒಳ್ಳೆಯದಂತೆ.

"ಬಿಳೀದು ಮುಗ್ದ ಕೂಡ್ಲೆ ಮತ್ತೆ ಬಿಳೀದು. ನಡುವೆ ಬಿಡೂದಿಲ್ಲ," ಅಂದಳು ಸೊಸೆಗೆ.

ರಾತ್ರಿ ತಡವಾಗಿ ಬಂದ ಗಂಡನಿಗೆ ಒಬ್ಬನಿಗೇ ಬಡಿಸುತ್ತ ನಾಗಶ್ರೀ ಹೇಳಿದಳು. "ನಂಗೆ ಈ ಗುಳಿಗೆ ಬ್ಯಾಡಾಗಿತ್ತು."

"ಒಂದು ಸೀಸನ್ ಅಲ್ದಾ? ಆಯಿ ಎಂತ ವಿಷ ಕೊಡ್ತಿದ್ಲಾ?" ಅಂದ ಸಂದೀಪ. "ಸಾರು ಹಾಕು."

ಹೀಗೆ ಶುರುವಾಯಿತು. ಮೊದಲ ವಾರದಿಂದಲೇ ನಾಗಶ್ರೀಗೆ ಹೊಟ್ಟೆ ತೊಳಸುವುದು. ಬಂಗಡೆ ಮೀನು ಹೆಚ್ಚುವಾಗ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡುವಳು. ಜಗಲಿಯಲ್ಲಿದ್ದ ದೇವಾನಂದನ ಕಿವಿ ನೆಟ್ಟಗಾಯಿತು. ಮರುದಿನವೇ ಪೇಟೆಗೆ ಹೋಗಿ ಎಳನೀರು, ಮೋಸಂಬಿ ಹೊತ್ತು ತಂದ. ಪಾಪ, ಆ ಮನೆಯಲ್ಲಿ ಆ ಹುಡುಗಿಗೆಂದು ಯಾರಾದರೂ ಏನಾದರೂ ತಂದದ್ದು ಅದೊಂದೇ ಸಲ.

"ಬೊಮ್ಮಿ, ಸೊಸಿಗೆ ಎಂತದೋ ವಿಶೇಷ ಕಾಂತದೆ," ಅಂದ ಊಟಕ್ಕೆ ಕೂತು.

"ವಿಶೇಷನೂ ಇಲ್ಲ, ಗಿಶೇಷನೂ ಇಲ್ಲ. ಪಿತ್ತ."

"ದಿನಾ ಪಿತ್ತವಾ?"

"ಮಿಡಿ ಕಾಲದಲ್ಲಿ ಎಲ್ಲಾರ್ಗೂ ಪಿತ್ತವೇ. ನೀವು ಉಣ್ಣಿ."

ದೇವಾನಂದ ಒಂದು ತಿಂಗಳು ಕಾದ, ಎರಡು ತಿಂಗಳು ಕಾದ. ಸೊಸೆಯ ಹೊಟ್ಟೆ ಮುಂದೆ ಬರಲಿಲ್ಲ. ತಂದ ಎಳನೀರಿಗೆ ಮೋಸವಾದಂತೆ ಅವನಿಗೆ ಸಿಟ್ಟು ಬಂತು. ಒಂದು ಮಧ್ಯಾಹ್ನ, ನಾಗಶ್ರೀ ಬಡಿಸಲು ಬಗ್ಗಿದ್ದಾಗಲೇ, ಅವಳಿಗೆ ಕೇಳಲೆಂದೇ ಹೇಳಿದ: "ಕೇರಿಲಿ ನಮ್ಮನೆ ನಂತ್ರ ಮದ್ವೆ ಆದೋರ ಮನೇಲೆಲ್ಲ ತೊಟ್ಲು ಕಟ್ಟಿದ್ರು. ನಮ್ಗೆ ಬಂಜೆಯೇ ಸಿಕ್ಕದ್ಲು."

ನಾಗಶ್ರೀಯ ಕೈಯಲ್ಲಿದ್ದ ಸೌಟು ನಿಂತಿತು. ಅವಳು ಅತ್ತೆಯ ಕಡೆ ನೋಡಿದಳು. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಸಾಸಿವೆ ಡಬ್ಬಿ ಬೊಮ್ಮಿಯ ಕೈಗೆಟುಕುವಲ್ಲೇ ಇತ್ತು.

ಬೊಮ್ಮಿ ಗಂಡನ ತಟ್ಟೆಗೆ ಇನ್ನೊಂದು ಬಂಗಡೆ ಹಾಕಿದಳು.

ರಕ್ಷಿತಾಗೆ ತಡೆಯಲಾಗಲಿಲ್ಲ. "ಅಪ್ಪಾ, ಅತ್ತಿಗೆಗೆ—" ಅಂತ ಬಾಯಿ ತೆಗೆದಳು.

"ನೀ ಉಂಡು ಏಳು. ಕಾಲೇಜಿಗೆ ಹೋಗೂಳಿಗೆ ಮನೆ ಪಂಚಾಯ್ತಿ ಬ್ಯಾಡ," ಅಂದಳು ಬೊಮ್ಮಿ. ಆಮೇಲೆ ಅಡುಗೆಮನೆಯಲ್ಲಿ ಸೊಸೆಗೆ, "ಮಾವ ಹೇಳಿದ್ದಕ್ಕೆಲ್ಲ ಕಿವಿ ಕೊಡ್ಬೇಡ. ಗಂಡಸ್ರು ಹಂಗೇ ಹೇಳ್ತ್ರು. ತಟ್ಟೆ ತೊಳಿ," ಅಂದಳು. ಅವಳ ಲೆಕ್ಕದಲ್ಲಿ ಅದು ಸಮಾಧಾನ.

ಮೇ ತಿಂಗಳಲ್ಲಿ, ಮಸಾಲೆ ಬೆರೆಸುವ ಕೆಲಸ ಜೋರಾಗಿದ್ದಾಗ, ನಾಗಶ್ರೀಗೆ ಬಟ್ಟೆಯಲ್ಲಿ ಕಲೆ ಕಂಡಿತು. ಅವಳು ಕೈಯಲ್ಲಿದ್ದ ಮರದ ಸೌಟನ್ನು ಅಲ್ಲೇ ಇಟ್ಟು ಹಿತ್ತಲಿಗೆ ಹೋಗಿ ನಿಂತಳು. "ಅತ್ತೆ, ನಾ ಹೊರ್ಗಾದೆ ಕಾಂತದೆ."

ಬೊಮ್ಮಿಯ ಮುಖ ನೋಡಬೇಕಿತ್ತು! ಅರೆದ ಸಾಸಿವೆ ಹಾಗೇ ಬಿಟ್ಟರೆ ಕಹಿಯಾಗುತ್ತದೆ. ಭರಣಿಗಳು ಬಾಯಿ ತೆರೆದು ಕೂತಿವೆ. ಆಳು ಹಿಡಿಯಲು ಆಗದು, ಹೊರಗಿನವರಿಗೆ ಮಸಾಲೆಯ ಅಳತೆ ತೋರಿಸುವುದಿಲ್ಲವೆಂಬುದು ಅವಳ ಇನ್ನೊಂದು ಕಟ್ಟಳೆ.

"ಎಷ್ಟದೆ?" ಅಂತ ಕೇಳಿದಳು.

"ಒಂದ್ಚೂರು. ಕಲೆ ಅಷ್ಟೆ."

"ನರ್ಸಬಾಯಿ ಎಂತ ಹೇಳಿದ್ಲು? ಗುಳಿಗಿಂದ ಕಲೆ ಕಾಣ್ತದೆ ಹೇಳಿದ್ಲಾ ಇಲ್ಲಾ?"

"ಹೇಳಿದ್ರು."

"ಮತ್ತೆಂತ? ಇದು ಗುಳಿಗೇದು. ಮುಟ್ಟಲ್ಲ. ಇದಕೆ ಮೈಲಿಗೆ ಇಲ್ಲ. ಮಿಂದು ಬಾ, ಸೌಟು ಹಿಡಿ."

ಹಿತ್ತಲ ಬಾಗಿಲಲ್ಲಿ ಓದುತ್ತಿದ್ದ ರಕ್ಷಿತಾ ನಕ್ಕುಬಿಟ್ಟಳು. "ರಕ್ತದಲ್ಲೂ ಎರ್ಡು ಜಾತಿಯಾ ಆಯಿ?"

"ಬಾಯ್ ಮುಚ್ಚು. ದೇವ್ರಿಗೆ ಗೊತ್ತದೆ ಯಾವ್ದು ಯಾವ್ದು ಅಂತ."

ದೇವರಿಗೆ ಗೊತ್ತಿತ್ತೋ ಇಲ್ಲವೋ, ಬೊಮ್ಮಿಗಂತೂ ಗೊತ್ತಿತ್ತು. ಆ ಭರಣಿಗಳು ಕೆಡಲಿಲ್ಲ. ದತ್ತಾ ಹೊಗಳಿ ಒಯ್ದ.

ಮಳೆ ಶುರುವಾಗುವ ಹೊತ್ತಿಗೆ ಮಿಡಿಯ ಕೆಲಸ ಮುಗಿಯಿತು. ನಾಗಶ್ರೀ ಬಹಳ ದಿನದಿಂದ ಕಾದಿಟ್ಟ ಮಾತನ್ನು ಕೇಳಿದಳು. "ಅತ್ತೆ, ಇನ್ನು ಗುಳಿಗೆ ಬಿಡ್ಲಾ? ಮಾವ ದಿನಾ ಒಂದೊಂದು ಮಾತು ಹೇಳ್ತ್ರು. ನಂಗೂ ಒಂದು ಕೂಸು ಬೇಕಾಗದೆ."

"ಚೌತಿ ಭರಣಿ ಯಾರು ಬೆರ್ಸೂದು? ಚೌತಿ ಮುಗೀಲಿ. ಕೂಸು ಎಲ್ಲೂ ಓಡಿ ಹೋಗೂದಿಲ್ಲ."

ಆ ವರ್ಷವೇ ನಮ್ಮ ಕಡೆ ಚಿಕೂನ್ ಗುನ್ಯಾ ಬಂದದ್ದು. ಜ್ವರವೇನೋ ನಾಲ್ಕು ದಿನಕ್ಕೆ ಬಿಡುತ್ತಿತ್ತು, ಗಂಟುನೋವು ಬಿಡುತ್ತಿರಲಿಲ್ಲ. ಅಂಕೋಲೆಯ ಸಂತೆಯಲ್ಲಿ ಕುಂಟದೆ ನಡೆಯುವವನು ಕಂಡರೆ ಜನ ತಿರುಗಿ ನೋಡುತ್ತಿದ್ದರು. ಬೊಮ್ಮಿಯ ಮನೆಯಲ್ಲಿ ಮೊದಲು ದೇವಾನಂದ ಮಲಗಿದ, ಮರುದಿನ ರಕ್ಷಿತಾ, ಆಮೇಲೆ ಸಂದೀಪ. ಎಲ್ಲರಿಗೂ ಗಂಜಿ ಕಾಸಿದವಳು, ಬಚ್ಚಲಿಗೆ ಕೈಹಿಡಿದು ಕರೆದೊಯ್ದವಳು ನಾಗಶ್ರೀ. ಕೊನೆಗೆ ಅವಳೂ ಮಲಗಿದಳು. ಮಲಗಿದ ಮೂರನೆಯ ದಿನ ಬೊಮ್ಮಿ, "ಜ್ವರ ಇಳ್ದದಲ್ಲ, ಏಳು," ಅಂತ ಎಬ್ಬಿಸಿದಳು.

ಬೊಮ್ಮಿಗೆ ತಿಕ್ಕುವ ಕೈಗುಣವಿತ್ತು, ಅದನ್ನು ಇಲ್ಲವೆನ್ನಬಾರದು. ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿ, ಗಂಡನ ಮಂಡಿ, ಮಗನ ಹಿಮ್ಮಡಿ, ಮಗಳ ಮಣಿಕಟ್ಟು ಎಲ್ಲ ತಿಕ್ಕಿ ತಿಕ್ಕಿ ಎಬ್ಬಿಸಿ ನಿಲ್ಲಿಸಿದಳು. ಕೇರಿಯ ಹೆಂಗಸರೂ ಬಂದು ತಿಕ್ಕಿಸಿಕೊಂಡು ಹೋದರು. "ಡಾಕ್ಟ್ರು ಸೂಜಿ ಚುಚ್ಚಿ ದುಡ್ಡು ತಕಂತ್ರು. ನನ್ನ ಎಣ್ಣೆ ಸಾಕು," ಅಂತ ಅವಳು ಊರೆಲ್ಲ ಹೇಳಿಕೊಂಡಳು.

ಆಷಾಢದಲ್ಲಿ ಎಲ್ಲರ ನೋವೂ ಇಳಿಯುತ್ತ ಬಂತು. ನಾಗಶ್ರೀಯದೂ ಇಳಿದಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ ಅವಳ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಸಂಜೆಗೆ ಊದಿತು. ಮುಟ್ಟಿದರೆ ಬಿಸಿ.

"ಅತ್ತೆ, ಇದು ಬೇರೆ ನೋವು," ಅಂದಳು.

"ನೋವಲ್ಲಿ ಬೇರೆದೆಂತ? ಜ್ವರದ ಉಳ್ದದ್ದು."

"ಜ್ವರದ್ದು ಎರ್ಡೂ ಕಾಲಿಗೆ ಇತ್ತು, ಗಂಟಿಗೆ ಇತ್ತು. ಇದು ಒಂದೇ ಕಾಲು. ಗಂಟಲ್ಲ, ಮಾಂಸದಲ್ಲಿ. ನರ್ಸಬಾಯಿ ಒಂದೇ ಕಾಲು ಊದಿದ್ರೆ ಗುಳಿಗೆ ನಿಲ್ಸಿ ಆಸ್ಪತ್ರೆಗೆ ಹೋಗ್ಬೇಕು ಅಂದಿದ್ರು."

ಬೊಮ್ಮಿ ರುಬ್ಬುವ ಕಲ್ಲಿನಿಂದ ತಲೆಯೆತ್ತಿದಳು. "ಹೊಟ್ಟೆ ತೊಳ್ಸಿದಾಗ ಗುಳಿಗೆ ಗುಳಿಗೆ ಅಂದಿ. ತಲೆನೋವು ಬಂದಾಗ ಗುಳಿಗೆ ಅಂದಿ. ಕಡೀಗೆ ಎಂತಾಯ್ತು? ತಾನೇ ಹೋತು. ಈಗ ಊರೆಲ್ಲ ಕಾಲುನೋವು. ಊರ ಹೆಂಗಸ್ರೆಲ್ಲ ಗುಳಿಗೆ ನುಂಗಿದ್ರಾ? ನಿನ್ನ ಮಾವ ನುಂಗಿದ್ರಾ?"

ಜಗಲಿಯಿಂದ ದೇವಾನಂದ ಕೂಗಿದ: "ಎಂತ ನುಂಗೂದು?"

"ಎಂತಿಲ್ಲ. ಚಾ ತತ್ತೆ," ಅಂದಳು ಬೊಮ್ಮಿ.

ಸಂದೀಪ ಬಂದಾಗ ನಾಗಶ್ರೀ ಕಾಲು ತೋರಿಸಿದಳು. ಅವನು ಬಗ್ಗಿ ನೋಡಲೂ ಇಲ್ಲ. "ನಂಗೂ ಕ್ಲಚ್ ಒತ್ತೂಕೆ ಆಗ್ತಿಲ್ಲ ಮಾರಾಯ್ತಿ, ಆದ್ರೂ ಹೋಗ್ತೆ. ಜೀಪು ನಿಲ್ಸಿದ್ರೆ ಸಂಬ್ಳ ನಿಲ್ತದೆ."

"ಒಂದು ಸಲ ಆಸ್ಪತ್ರೆಗೆ ಕರ್ಕಂಡು ಹೋಗಿ. ಕಾಲು ಹಿಡಿತೆ ಬೇಕಾದ್ರೆ."

"ಆದಿತ್ಯವಾರ ನೋಡ್ವಾ."

ಅವತ್ತು ಸೋಮವಾರ.

ರಕ್ಷಿತಾ ಒಬ್ಬಳು ಸುಮ್ಮನಿರಲಿಲ್ಲ. ಬುಧವಾರ ಕಾಲೇಜಿನಿಂದ ಬಂದವಳು ಹೂ ಕಟ್ಟುವ ದಾರ ತೆಗೆದು ಅತ್ತಿಗೆಯ ಬಲಗಾಲಿಗೆ ಸುತ್ತಿ, ಸರಿಯಾಗಿ ಕೂಡುವಲ್ಲಿ ಕತ್ತರಿಸಿದಳು. ಅದೇ ದಾರವನ್ನು ಎಡಗಾಲಿಗೆ ಸುತ್ತಿದರೆ ಎರಡು ತುದಿಯ ನಡುವೆ ಎರಡು ಬೆರಳು ಹಿಡಿಸುವಷ್ಟು ಜಾಗ ಉಳಿಯಿತು.

"ಆಯಿ, ಬಾ ಇಲ್ಲಿ. ಕಣ್ಣಲ್ಲಿ ನೋಡು."

ಬೊಮ್ಮಿ ಬಂದು ನೋಡಿದಳು. ಅವಳಿಗೂ ಒಂದು ಕ್ಷಣ ಏನೋ ಅನಿಸಿರಬೇಕು. ಆಸ್ಪತ್ರೆಗೆ ಹೋದರೆ ಡಾಕ್ಟರು ಕೇಳುತ್ತಾನೆ. ಕೇಳಿದರೆ ಹೇಳಬೇಕು. ಹೇಳಿದರೆ, ಬಂಜೆ ಬಂಜೆ ಎಂದು ಹೇಳಿಕೊಂಡು ತಿರುಗಿದ ಗಂಡನಿಗೆ ಗೊತ್ತಾಗುತ್ತದೆ, ಕೇರಿಗೆ ಗೊತ್ತಾಗುತ್ತದೆ, ಮಾಜಾಳಿಗೆ ಗೊತ್ತಾಗುತ್ತದೆ. ಗುಳಿಗೆಯೂ ನಿಲ್ಲುತ್ತದೆ. ಚೌತಿಯ ಭರಣಿಗಳು ಸಾಲಾಗಿ ಕಾದು ಕೂತಿದ್ದವು.

"ನೀರು ಇಳ್ದದೆ," ಅಂದಳು. "ಗಟ್ಟಿ ತಿಕ್ಕಿದ್ರೆ ಇಳೀತದೆ. ಎಣ್ಣೆ ಬಿಸಿ ಮಾಡು ರಕ್ಷಿತಾ."

"ಆಯಿ, ಆಸ್ಪತ್ರೆ—"

"ಎಣ್ಣೆ ಬಿಸಿ ಮಾಡು ಅಂದೆ!"

ನಾಗಶ್ರೀಯನ್ನು ಚಾಪೆಯ ಮೇಲೆ ಕೂರಿಸಿ, ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೊಮ್ಮಿ ತಿಕ್ಕಿದಳು. ಎರಡೂ ಹೆಬ್ಬೆರಳು ಊರಿ, ಹಿಮ್ಮಡಿಯಿಂದ ಮಂಡಿಯವರೆಗೆ, ಗಂಟಿದ್ದಲ್ಲಿ ಹಿಸುಕಿ ಹಿಸುಕಿ. ನಾಗಶ್ರೀ ಚಾಪೆಯನ್ನು ಉಗುರಿನಿಂದ ಕಿತ್ತಳು. "ಸಾಕು ಅತ್ತೆ, ಸಾಕು, ದಮ್ಮಯ್ಯ," ಅಂತ ಅತ್ತಳು.

"ನೋವು ಬಂದ್ರೇ ಗುಣ," ಅಂದಳು ಬೊಮ್ಮಿ, ಬೆವರು ಒರೆಸಿಕೊಳ್ಳುತ್ತ. ಅವಳು ಕೇಡು ಮಾಡಬೇಕೆಂದು ತಿಕ್ಕಲಿಲ್ಲ. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ತಿಕ್ಕಿದರೆ ಕದಲಿ ಎದೆಗೆ ಏರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ, ಅವಳ ಕೈ ಎಲ್ಲರಿಗೂ ಗುಣ ಕೊಟ್ಟ ಕೈ. ಇದೇ ಈ ಕಥೆಯಲ್ಲಿ ನನಗೆ ನುಂಗಲಾಗದ ಸಂಗತಿ. ಮರುದಿನವೂ ತಿಕ್ಕಿದಳು.

ಶುಕ್ರವಾರ ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದ ನಾಗಶ್ರೀ ಎದ್ದು ನಿಂತಳು, ಎದೆಗೆ ಕೈಯಿಟ್ಟುಕೊಂಡಳು. "ಉಸ್ರು ಬತ್ತಿಲ್ಲ," ಅಂದಳು. ಕಾವಲಿಯ ಮೇಲೆ ದೋಸೆ ಕರಟುವ ವಾಸನೆ ಬಂದಾಗಲೇ ಬೊಮ್ಮಿ ತಿರುಗಿ ನೋಡಿದ್ದು. "ದೋಸೆ ಸುಡ್ತದೆ ನೋಡು!" ಅಂತ ಕೂಗಿದಳು. ನಾಗಶ್ರೀ ಗೋಡೆ ಹಿಡಿದು ಹಾಗೇ ಕುಸಿದಳು.

ಬಸ್ಸಿಗೆ ಹೊರಟಿದ್ದ ಸಂದೀಪ ಓಡಿಬಂದ. ನೆರೆಮನೆಯವರ ಟೆಂಪೊದಲ್ಲಿ ಹಾಕಿಕೊಂಡು ಅಂಕೋಲೆಯ ಒಂದು ಆಸ್ಪತ್ರೆಗೆ ಹೋದರು. ಬೊಮ್ಮಿ, ರಕ್ಷಿತಾ ಜೊತೆಗೆ ದೇವಾನಂದನೂ ಹತ್ತಿ ಕೂತ. ಡಾಕ್ಟರು ಚಿಕ್ಕ ವಯಸ್ಸಿನವನು. ಎದೆ ನೋಡಿದ, ಆಮ್ಲಜನಕದ ನಳಿಗೆ ಹಾಕಿಸಿದ, ಏನೇನಾಯಿತು ಹೇಳಿ ಅಂದ.

"ಜ್ವರ ಬಂದಿತ್ತು. ಚಿಕೂನ್ ಗುನ್ಯಾ," ಅಂದ ದೇವಾನಂದ, ಪೇಪರು ಓದಿದವನ ಗತ್ತಿನಿಂದ.

"ಬೇರೆ ಏನಾದರೂ ಗುಳಿಗೆ ತಗೋತಾ ಇದ್ರಾ? ಮಕ್ಕಳಾಗದ ಹಾಗೆ, ಮುಟ್ಟು ಮುಂದೆ ಹೋಗೋ ಹಾಗೆ, ಅಂಥದ್ದು?"

ಬೊಮ್ಮಿ ಗಂಡನ ಮುಖ ನೋಡಿದಳು. "ಇಲ್ಲ ಡಾಕ್ಟ್ರೆ. ಮಕ್ಳಿಲ್ಲ ಹೇಳೇ ನಾವು ಕೊರಗ್ತಾ ಇದ್ದವ್ರು. ಅಂಥದ್ದೆಂತಕ್ಕೆ ಕೊಡ್ತ್ರು?"

"ತಗೋತಿದ್ರು!" ಅಂದಳು ರಕ್ಷಿತಾ. "ದಿನಾ ಗುಳಿಗೆ ತಗೋತಿದ್ರು ಡಾಕ್ಟ್ರೆ."

"ಜ್ವರದ್ದು," ಅಂದಳು ಬೊಮ್ಮಿ ಮಗಳ ರಟ್ಟೆ ಹಿಡಿದು. "ಮೈಕೈ ನೋವಿಂದು. ಹುಡ್ಗಿಗೆ ಹೆದ್ರಿಕೆಲಿ ಎಂತ ಹೇಳೂದು ಗೊತ್ತಾಗ್ತಿಲ್ಲ."

ಡಾಕ್ಟರು ಸಂದೀಪನ ಕಡೆ ತಿರುಗಿದ. "ನೀವು ಗಂಡ ಅಲ್ವಾ? ನೀವು ಹೇಳಿ."

ಸಂದೀಪ ಅಪ್ಪನನ್ನು ನೋಡಿದ, ಆಯಿಯನ್ನು ನೋಡಿದ. ಮಂಚದ ಮೇಲೆ ನಳಿಗೆಯ ಹಿಂದಿನಿಂದ ನಾಗಶ್ರೀ ಅವನನ್ನೇ ನೋಡುತ್ತಿದ್ದಳು. ಮಾತು ಬಾರದೆ ಕೈ ಎತ್ತಿ ತನ್ನ ಎಡಗಾಲು ತೋರಿಸಿದಳು.

"ಜ್ವರದ್ದೇ," ಅಂದ ಸಂದೀಪ.

ಡಾಕ್ಟರು ಆ ಎಡಗಾಲನ್ನು ಮುಟ್ಟಿ ನೋಡಿ ಮುಖ ಗಂಟಿಕ್ಕಿದ, ಕೂಡಲೇ ಕಾರವಾರಕ್ಕೆ ಒಯ್ಯಿರಿ ಅಂದ. ಅಂಬುಲೆನ್ಸು ದಾರಿಯಲ್ಲಿ ಅವರ್ಸಾ ಊರು ದಾಟುವಾಗ ನಾಗಶ್ರೀ ಸತ್ತಳು. ನಿಜ ಹೇಳಿದ್ದರೆ ಬದುಕುತ್ತಿದ್ದಳೋ ಏನೋ, ನನಗೆ ಗೊತ್ತಿಲ್ಲ. ಗಂಡನ ಬಾಯಿಂದ ನಿಜ ಕೇಳಿಯಾದರೂ ಸಾಯುತ್ತಿದ್ದಳು.

ಅವಳ ಅಣ್ಣ ನಿತೇಶ ಗೋವೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು, ಸುದ್ದಿ ಕೇಳಿ ಹಾಗೇ ಬಸ್ಸು ಹತ್ತಿ ಬಂದ. "ಜ್ವರ ಬಂದು ಹೋಗಿ ತಿಂಗ್ಳಾಯ್ತಲ್ಲ ಭಾವ? ಗುಣ ಆಯ್ತು ಅಂತ ಫೋನಲ್ಲಿ ಹೇಳಿದ್ಲು," ಅಂದ. ಸಂದೀಪ ನೆಲ ನೋಡಿದ. ಬೊಮ್ಮಿ ಎದೆ ಬಡಿದುಕೊಂಡು, "ನನ್ನ ಬಲಗೈ ಹೋತಲ್ಲಪ್ಪಾ, ಬಲಗೈ!" ಅಂತ ಅತ್ತಳು. ಅದೊಂದು ಮಾತು ಮಾತ್ರ ಸುಳ್ಳಲ್ಲ.

ಊರಿನ ಬಾಯಲ್ಲಿ ನಾಗಶ್ರೀ ಜ್ವರಕ್ಕೆ ಸತ್ತವಳಾದಳು. ಆರೋಗ್ಯ ಇಲಾಖೆಯವರು ಬಂದು ಮನೆಯ ಹಿಂದೆ ನಿಂತ ನೀರು ಚೆಲ್ಲಿಸಿ, ಹೊಗೆ ಹಾಕಿ ಹೋದರು. ದೇವಾನಂದ ಬಂದವರಿಗೆಲ್ಲ ಸೊಳ್ಳೆಯ ವಿಷಯ ವಿವರಿಸಿ ಹೇಳಿದ.

ಸೂತಕ ಕಳೆಯಿತು. ಆ ವರ್ಷ ಮನೆಯಲ್ಲಿ ಗಣಪತಿ ಇಡುವಂತಿರಲಿಲ್ಲ. ಆದರೆ ಉಪ್ಪುನೀರಿನ ಮಿಡಿಗೆ ಯಾವ ಸೂತಕ? ಭಟ್ಟರಿಂದ ಶುದ್ಧದ ನೀರು ಚಿಮುಕಿಸಿ ಬೊಮ್ಮಿ ಕೋಣೆಯ ಬಾಗಿಲು ತೆರೆದಳು. ದತ್ತಾ ಎರಡು ಸಲ ಹೇಳಿ ಕಳಿಸಿದ್ದ. ಅವಳು ಸಾಸಿವೆ ಡಬ್ಬಿಯಿಂದ ಉಳಿದ ಬಿಳಿ ಗುಳಿಗೆಯ ಹಾಳೆ ತೆಗೆದು ಮಗಳ ಮುಂದಿಟ್ಟಳು.

"ಇವತ್ತಿಂದ ದಿನಾ ಒಂದು ನುಂಗು. ಬೆರ್ಸೂದು ಮುಗಿಯೂವರೆಗೆ ಅಷ್ಟೆ. ನಂಗೊಬ್ಳಿಗೇ ಆಗೂದಿಲ್ಲ."

ನುಂಗಬೇಕಾದವಳು ಯಾರು? ಹೆತ್ತ ಮಗಳು!

ರಕ್ಷಿತಾ ಹಾಳೆಯನ್ನು ತೆಗೆದುಕೊಂಡಳು. "ಆಯ್ತು ಆಯಿ," ಅಂದಳು. ಅಂಗಳಕ್ಕೆ ಹೋಗಿ ಮಲ್ಲಿಗೆಯ ಬುಡ ಕೆದಕಿ, ಕಂದು ಗುಳಿಗೆ ಹಾಕಿದಲ್ಲೇ ಬಿಳಿಯದನ್ನೂ ಹಾಕಿ ಮಣ್ಣು ಮುಚ್ಚಿದಳು.

ಆಮೇಲೆ ಅವಳಷ್ಟು ಕೆಲಸ ಮಾಡಿದವರಿಲ್ಲ. ಸಾಸಿವೆ ಅರೆದಳು, ಮೆಣಸು ಹುರಿದಳು, ಮಿಡಿ ಬಸಿದಳು, ಭರಣಿಗೆ ಮೊಣಕೈವರೆಗೆ ಕೈ ಇಳಿಸಿ ಬೆರೆಸಿದಳು. ಬೊಮ್ಮಿಗೆ ಸೊಸೆ ಹೋದ ದುಃಖವೇ ಅರ್ಧ ಕಡಿಮೆಯಾಯಿತು. "ನಂಗೇನು, ಮಗ್ಳೇ ಅದೆ," ಅಂತ ನೆರೆಯವರಿಗೆ ಹೇಳಿದಳು.

ಚೌತಿಗೆ ಎರಡು ದಿನವಿತ್ತು. ದತ್ತಾ ಆಟೊ ತಂದು ಅಂಗಳದಲ್ಲಿ ನಿಲ್ಲಿಸಿದ. ಬೊಮ್ಮಿ ಅವನಿಗೆ ಒಂದು ಮಿಡಿ ರುಚಿಗೆ ಕೊಟ್ಟಳು. ಅವನು ಬಾಯಿ ಚಪ್ಪರಿಸಿ, "ಬೊಮ್ಮಕ್ಕಾ, ಹಿಂದಿನ ಎಲ್ಲಾ ವರ್ಷಕ್ಕಿಂತ ಚೊಲೊ ಆಗದೆ!" ಅಂದ. ಆಟೊದ ಸೀಟು ತೆಗೆದು ಜಾಗ ಮಾಡಲು ಹೊರಗೆ ಹೋದ.

ಒಳಗೆ ದೇವಾನಂದ, ಸಂದೀಪ ಗಂಜಿಗೆ ಕೂತಿದ್ದರು. ತಟ್ಟೆಯಲ್ಲಿ ಹೊಸ ಉಪ್ಪಿನಕಾಯಿ. ದೇವಾನಂದ ಮಿಡಿ ಕಚ್ಚಿ, "ರಕ್ಷಿತಾನ ಕೈ ಚಲೋ ಅದೆ ಬೊಮ್ಮಿ," ಅಂದ.

"ಕೆಟ್ಟಿಲ್ಲ ಅಲ್ದಾ ಅಪ್ಪ?" ಅಂತ ಕೇಳಿದಳು ರಕ್ಷಿತಾ.

"ಕೆಡೂದೆಂತಕ್ಕೆ?"

"ನಾ ಹೊರ್ಗಾಗಿದ್ದೆ. ಬೆರ್ಸೂಕೆ ಶುರು ಮಾಡಿದ ದಿನವೇ ಆದೆ. ಹಂಗೇ ಬೆರ್ಸಿದೆ, ಎಲ್ಲಾ ಭರಣಿನೂ. ಆಯಿ ಕೊಟ್ಟ ಗುಳಿಗೆ ನಾ ನುಂಗ್ಲಿಲ್ಲ. ಅತ್ತಿಗೆಗೆ ಮಿಡಿ ಕಾಲದಿಂದ ಸಾಯೂವರೆಗೆ ದಿನಾ ನುಂಗ್ಸಿದ್ಲಲ್ಲ, ಅದೇ ಗುಳಿಗೆ. ಮುಟ್ಟಾಗ್ಬಾರ್ದು ಅಂತ. ಮಕ್ಳೂ ಆಗೂದಿಲ್ಲ ಅದ್ರಿಂದ. ನೀವು ಬಂಜೆ ಅಂದಾಗೆಲ್ಲ ಆಯಿಗೆ ಗೊತ್ತಿತ್ತು. ಅಣ್ಣಂಗೂ ಗೊತ್ತಿತ್ತು."

ದೇವಾನಂದನ ಬಾಯಲ್ಲಿ ಮಿಡಿ ಹಾಗೇ ಉಳಿಯಿತು. ಅವನು ಮಗನನ್ನು ನೋಡಿದ. ಸಂದೀಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ಬೊಮ್ಮಿ ಸಾಲಾಗಿದ್ದ ಭರಣಿಗಳನ್ನು ನೋಡಿದಳು. ಒಂದರ ಬಾಯಿ ತೆರೆದು ಮೂಸಿದಳು. ಬೆರಳ ತುದಿಗೆ ರಸ ತಾಗಿಸಿ ನಾಲಗೆಗೆ ಹಚ್ಚಿಕೊಂಡಳು. ಉಪ್ಪು ಸರಿಯಾಗಿತ್ತು, ಖಾರ ಸರಿಯಾಗಿತ್ತು.

"ಬೊಮ್ಮಕ್ಕಾ, ಎತ್ಲಾ?" ದತ್ತಾ ಹೊರಗಿನಿಂದ ಕೂಗಿದ.

ಬೊಮ್ಮಿ ಭರಣಿಯ ಬಾಯಿಗೆ ಬಿಳಿ ಬಟ್ಟೆ ಹಾಸಿ ದಾರ ಸುತ್ತತೊಡಗಿದಳು. "ಈ ಸುದ್ದಿ ಅಂಗಳ ದಾಟ್ಬಾರ್ದು," ಅಂದಳು ಮಗಳಿಗೆ, ಮೆಲ್ಲಗೆ. "ಬಾ ದತ್ತಾ, ಎತ್ತು."

"ಹಂಗಾದ್ರೆ ಅತ್ತಿಗೆ ಸತ್ತದ್ದು ಎಂತಕ್ಕೆ ಆಯಿ?"

ಬೊಮ್ಮಿ ದಾರವನ್ನು ಹಲ್ಲಿನಿಂದ ಕಡಿದಳು.

"ಜ್ವರಕ್ಕೆ," ಅಂದಳು. "ಮೆಲ್ಲ ಎತ್ತೊ ದತ್ತಾ, ತಳ ಬಡೀಬಾರ್ದು."